ಬಿಟ್ಟು ಬಂದ ಮೇಲೆ: ಬ್ರೆಕ್ಸಿಟ್‌ಗೆ ವೋಟು ಹಾಕಿದವರು ಈಗ ಏನಂತಾರೆ?

ನಮ್ಮ ದೊಡ್ಡಮ್ಮನ ಮಗ ಲಂಡನ್ ಪಕ್ಕದ ಸ್ಲೌ ಎಂಬ ಊರಿನಲ್ಲಿದ್ದಾನೆ. ಸಾಫ್ಟ್‌ವೇರ್ ಕೆಲಸ. 2016ರಲ್ಲಿ ಅವನ ಕೈಯಲ್ಲಿದ್ದದ್ದು ಇಂಡಿಯನ್ ಪಾಸ್‌ಪೋರ್ಟ್. ಆದರೂ ಆ ವರ್ಷ ಜೂನ್ 23ರಂದು ಸಾಲಿನಲ್ಲಿ ನಿಂತು, ಬ್ರಿಟನ್ ಯುರೋಪಿಯನ್ ಒಕ್ಕೂಟದಲ್ಲಿ ಇರಬೇಕೋ ಬೇಡವೋ ಅಂತ ವೋಟು ಹಾಕಿ ಬಂದ. ಅವನ ಪಕ್ಕದ ಡೆಸ್ಕಿನಲ್ಲಿದ್ದ ಫ್ರೆಂಚ್ ಸಹೋದ್ಯೋಗಿ ಇವನಿಗಿಂತ ಹತ್ತು ವರ್ಷ ಮೊದಲೇ ಆ ದೇಶಕ್ಕೆ ಬಂದವಳು. ಅವಳಿಗೆ ವೋಟಿರಲಿಲ್ಲ.

ವಿಚಿತ್ರ ಅನ್ನಿಸಬಹುದು, ಆದರೆ ಕಾನೂನು ಹಾಗೇ ಇತ್ತು. ಬ್ರಿಟನ್‌ನಲ್ಲಿ ವಾಸವಿರುವ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಿಗೆ ಮತದಾನದ ಹಕ್ಕಿದೆ. ಭಾರತ ಆ ಪಟ್ಟಿಯಲ್ಲಿದೆ, ಫ್ರಾನ್ಸ್ ಇಲ್ಲ. ಹಾಗಾಗಿ ಯಾರ ಬದುಕು ಆ ವೋಟಿನಿಂದ ಜಾಸ್ತಿ ಅಲುಗಾಡುವುದಿತ್ತೋ ಅವರು ಮನೆಯಲ್ಲೇ ಕೂತರು.

ನನ್ನ ಅಣ್ಣ ಹಾಕಿದ್ದು 'ಬಿಡೋಣ' ಅಂತ. ಅವನ ಲೆಕ್ಕ ಸರಳವಾಗಿತ್ತು: "ಯುರೋಪಿನವರು ವೀಸಾ ಇಲ್ಲದೆ ಬರ್ತಾರೆ, ನಮ್ಮವರು ಒಂದೊಂದು ಕಾಗದಕ್ಕೂ ಒದ್ದಾಡಬೇಕು. ಆ ಬಾಗಿಲು ಮುಚ್ಚಿದ್ರೆ ಈ ಬಾಗಿಲು ತೆಗೀತಾರೆ." ಈಗ ಅದೇ ವಿಷಯ ಎತ್ತಿದರೆ ಅವನು ಫೋನಿನಲ್ಲಿ ಕೇಳುವುದು ಒಂದೇ ಪ್ರಶ್ನೆ: "ಅಲ್ಲಿ ಮಳೆ ಹೆಂಗಿದೆ?"

2026ರ ಜೂನ್‌ಗೆ ಆ ವೋಟಿಗೆ ಹತ್ತು ವರ್ಷ. 'ಬಿಡೋಣ' ಗೆದ್ದು ಬ್ರಿಟನ್ ಒಕ್ಕೂಟದಿಂದ ಹೊರಬಂತು, ಅದನ್ನೇ ಬ್ರೆಕ್ಸಿಟ್ ಅನ್ನುತ್ತಾರೆ. 'ಬ್ರಿಟಿಷರಿಗೆ ಪಶ್ಚಾತ್ತಾಪ' ಎಂಬ ತಲೆಬರಹ ನೀವೂ ಎಲ್ಲೋ ಓದಿರುತ್ತೀರಿ. ಸುಳ್ಳಲ್ಲ ಅದು. ಆದರೆ ಆ ಒಂದು ಪದದ ಒಳಗೆ ಬೇರೆ ಬೇರೆ ಜನ, ಬೇರೆ ಬೇರೆ ಬೇಸರ ಸೇರಿಕೊಂಡಿದೆ. ಒಂದೊಂದಾಗಿ ಬಿಡಿಸಿ ನೋಡೋಣ.

ಜನಮತಗಣನೆ ಎಂದರೇನು?

ಚುನಾವಣೆಯಲ್ಲಿ ನಾವು ಆರಿಸುವುದು ವ್ಯಕ್ತಿಯನ್ನು. ಅವರು ಐದು ವರ್ಷ ನಮ್ಮ ಪರವಾಗಿ ಸಾವಿರ ನಿರ್ಧಾರ ಮಾಡುತ್ತಾರೆ. ಇಷ್ಟವಾಗದಿದ್ದರೆ ಮುಂದಿನ ಸಲ ಮನೆಗೆ ಕಳಿಸುತ್ತೇವೆ. ಜನಮತಗಣನೆಯಲ್ಲಿ ವ್ಯಕ್ತಿ ಇಲ್ಲ, ಒಂದು ಪ್ರಶ್ನೆ ಮಾತ್ರ ಇರುತ್ತದೆ. ಹೌದು ಅಥವಾ ಅಲ್ಲ. ಐದು ವರ್ಷಕ್ಕೊಮ್ಮೆ ಮತ್ತೆ ಕೇಳುತ್ತಾರೆ ಅನ್ನುವ ಖಾತ್ರಿಯೂ ಇಲ್ಲ.

ನಮ್ಮ ಸಂವಿಧಾನದಲ್ಲಿ ಇಡೀ ದೇಶವನ್ನು ಹೀಗೆ ಕೇಳುವ ಏರ್ಪಾಡಿಲ್ಲ. ಆದರೆ ನಮ್ಮ ಪಕ್ಕದಲ್ಲೇ ಒಂದು ಉದಾಹರಣೆ ಇದೆ. 1967ರ ಜನವರಿ 16ರಂದು ಗೋವಾದ ಜನರನ್ನು ಕೇಳಲಾಯಿತು: ಮಹಾರಾಷ್ಟ್ರದ ಜೊತೆ ಸೇರುತ್ತೀರೋ, ಕೇಂದ್ರಾಡಳಿತ ಪ್ರದೇಶವಾಗಿಯೇ ಉಳಿಯುತ್ತೀರೋ? ಸೇರುವುದಕ್ಕೆ ಹೂವಿನ ಗುರುತು, ಉಳಿಯುವುದಕ್ಕೆ ಎರಡು ಎಲೆಯ ಗುರುತು. ಎರಡು ಎಲೆ ಸುಮಾರು 34 ಸಾವಿರ ವೋಟುಗಳಿಂದ ಗೆದ್ದಿತು.

ಇಲ್ಲಿ ಒಂದು ಅಂಶ ಗಮನಿಸಿ, ಮುಂದೆ ಇದೇ ಮುಖ್ಯವಾಗುತ್ತದೆ. ಗೋವಾದವರ ಮುಂದಿದ್ದ ಎರಡೂ ದಾರಿಗಳು ಕಣ್ಣಿಗೆ ಕಾಣುತ್ತಿದ್ದವು. ಮಹಾರಾಷ್ಟ್ರ ಹೇಗಿದೆ ಅಂತ ಗೊತ್ತು, ಈಗಿರುವ ಸ್ಥಿತಿಯೂ ಗೊತ್ತು. ಬ್ರಿಟನ್‌ನ ಮತಪತ್ರದಲ್ಲೂ ಎರಡೇ ಚೌಕ ಇದ್ದವು. ಒಂದು, ಯುರೋಪಿಯನ್ ಒಕ್ಕೂಟದ ಸದಸ್ಯರಾಗಿ ಉಳಿಯುವುದು. ಅದೇನು ಅಂತ 43 ವರ್ಷದ ಅನುಭವವಿತ್ತು. ಇನ್ನೊಂದು, ಒಕ್ಕೂಟ ಬಿಡುವುದು. ಬಿಟ್ಟು ಎಲ್ಲಿಗೆ? ಮತಪತ್ರದಲ್ಲಿ ಅದಿರಲಿಲ್ಲ.

ಯಾವುದನ್ನು ಬಿಡುವುದು?

ಯುರೋಪಿಯನ್ ಒಕ್ಕೂಟ ಆಗ ಬ್ರಿಟನ್ ಸೇರಿ 28 ದೇಶಗಳ ಗುಂಪು. ಅದು ಹೇಗೆ ಕೆಲಸ ಮಾಡುತ್ತದೆ ಎನ್ನುವುದಕ್ಕೆ ಬೆಳಗಾವಿಯ ತರಕಾರಿ ಲಾರಿ ನೆನಪಿಸಿಕೊಳ್ಳಿ. ಬೆಳಿಗ್ಗೆ ಮಾರ್ಕೆಟ್ಟಿನಲ್ಲಿ ತುಂಬಿಸಿಕೊಂಡು, ಚೋರ್ಲಾ ಘಾಟ್ ಇಳಿದು, ಗೋವಾ ಸೇರುತ್ತದೆ. ನಡುವೆ ಸುಂಕವಿಲ್ಲ, ಪ್ರಮಾಣಪತ್ರವಿಲ್ಲ. ಲಾರಿ ಕ್ಲೀನರ್‌ಗೆ ಗೋವಾ ಹಿಡಿಸಿದರೆ ಅಲ್ಲೇ ಹೋಟೆಲಿನಲ್ಲಿ ಕೆಲಸಕ್ಕೆ ನಿಲ್ಲಬಹುದು, ಯಾರ ಅಪ್ಪಣೆಯೂ ಬೇಡ. ಯುರೋಪಿನ 'ಏಕ ಮಾರುಕಟ್ಟೆ' ಮತ್ತು 'ಮುಕ್ತ ಓಡಾಟ' ಎಂದರೆ ಹೆಚ್ಚು ಕಡಿಮೆ ಇದೇ. ಅದು ರಾಜ್ಯಗಳ ನಡುವೆ ಅಲ್ಲ, ಸ್ವತಂತ್ರ ದೇಶಗಳ ನಡುವೆ.

ಈಗ ಚೋರ್ಲಾ ಘಾಟ್‌ನಲ್ಲಿ ದಿಢೀರ್ ಅಂತ ಒಂದು ಗೇಟು ಹಾಕಿ, ಸುಂಕ ಇಲ್ಲದಿದ್ದರೂ ಒಂದೊಂದು ಕ್ರೇಟಿಗೂ ಕಾಗದ ಕೇಳಿದರೆ? ಬ್ರೆಕ್ಸಿಟ್ ಆದ ಮೇಲೆ ಬ್ರಿಟನ್‌ನಿಂದ ಫ್ರಾನ್ಸಿಗೆ ಮಾಂಸ, ಚೀಸು ಕಳಿಸುವವರಿಗೆ ಆದದ್ದು ಅದು. ಸುಂಕ ಬರಲಿಲ್ಲ, ಕಾಗದ ಬಂತು.

ಇಷ್ಟೆಲ್ಲ ಅನುಕೂಲವಿದ್ದರೆ ಬಿಡುವ ಯೋಚನೆ ಯಾಕೆ? ಒಟ್ಟಿಗೆ ಇರುವುದಕ್ಕೆ ಒಂದು ಬೆಲೆ ಇದೆ. ಎಷ್ಟೋ ನಿಯಮಗಳು ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ಆಗುತ್ತವೆ. ವರ್ಷ ವರ್ಷ ವಂತಿಗೆ ಕಟ್ಟಬೇಕು. ಯಾವ ಯುರೋಪಿಯನ್ ಕೆಲಸ ಹುಡುಕಿ ಬಂದರೂ ಬೇಡ ಅನ್ನುವಂತಿಲ್ಲ. 2004ರಲ್ಲಿ ಪೋಲೆಂಡ್ ಮುಂತಾದ ದೇಶಗಳು ಒಕ್ಕೂಟ ಸೇರಿದ ಮೇಲೆ ಹೀಗೆ ಬರುವವರ ಸಂಖ್ಯೆ ಬೇಗ ಬೇಗ ಏರಿತು. ಬ್ರಿಟನ್ 1973ರಲ್ಲಿ ಸೇರಿದ್ದು, 1975ರಲ್ಲಿ ಒಮ್ಮೆ ಜನರನ್ನು ಕೇಳಿದ್ದೂ ಉಂಟು. ಆಗ ಶೇ 67ರಷ್ಟು ಮಂದಿ ಇರೋಣ ಅಂದಿದ್ದರು. ಆದರೆ ಒಳಗೊಳಗೇ ಗೊಣಗಾಟ ನಿಲ್ಲಲೇ ಇಲ್ಲ. ಪ್ರಧಾನಿ ಡೇವಿಡ್ ಕ್ಯಾಮರಾನ್‌ಗೆ ಸ್ವಂತ ಪಕ್ಷದಲ್ಲೇ ಇದು ದೊಡ್ಡ ತಲೆನೋವು. ಒಂದು ಸಲ ಕೇಳಿ ಮುಗಿಸಿಬಿಡೋಣ ಅಂದುಕೊಂಡರು. ಇರೋಣ ಅಂತಲೇ ಪ್ರಚಾರ ಮಾಡಿ, ಸೋತು, ಮಾರನೇ ದಿನ ರಾಜೀನಾಮೆ ಘೋಷಿಸಿದರು.

ಒಂದು ಚೌಕ, ಹತ್ತು ಆಸೆ

ಹತ್ತು ಜನರ ಒಂದು ಕುಟುಂಬ ಬೆಂಗಳೂರಿನ ಬಾಡಿಗೆ ಮನೆಯಲ್ಲಿದೆ ಅಂದುಕೊಳ್ಳಿ. ಒಂದು ಸಂಜೆ ಅಜ್ಜ ಎಲ್ಲರನ್ನೂ ಕೂರಿಸಿ ಕೇಳುತ್ತಾರೆ: ಈ ಮನೆ ಬಿಡೋಣ್ವಾ, ಬೇಡ್ವಾ? ಆರು ಜನ ಬಿಡೋಣ ಅನ್ನುತ್ತಾರೆ, ನಾಲ್ಕು ಜನ ಬೇಡ. ತೀರ್ಮಾನವಾಯಿತು. ಆದರೆ ಆ ಆರು ಜನರಲ್ಲಿ ಅಜ್ಜಿಗೆ ಊರಿಗೆ ವಾಪಸ್ ಹೋಗುವ ಆಸೆ. ಮಗನಿಗೆ ಮೆಟ್ರೋ ಹತ್ತಿರ ಫ್ಲಾಟ್ ಬೇಕು. ಸೊಸೆಗೆ ಓನರ್ ಹೆಂಡತಿಯ ಮಾತು ತಡೆಯೋಕಾಗಲ್ಲ, ಎಲ್ಲಾದರೂ ಸರಿ. ಮೊಮ್ಮಗನಿಗೆ ನಾಯಿ ಸಾಕಬಹುದಾದ ಮನೆ. ಲಾರಿ ಬಂದು ಸಾಮಾನು ತುಂಬಿದ ಮೇಲೆ ಡ್ರೈವರ್ ಕೇಳುತ್ತಾನೆ: ಎಲ್ಲಿಗೆ ಸಾರ್?

ಬ್ರಿಟನ್‌ನಲ್ಲಿ ಆಗಿದ್ದು ಇಷ್ಟೇ. ಬಿಡೋಣ ಅಂದವರನ್ನು ಅಲ್ಲಿ 'ಲೀವರ್' ಅನ್ನುತ್ತಾರೆ (ನಮ್ಮ ರಜೆಯ ಲೀವ್ ಅಲ್ಲ), ಇರೋಣ ಅಂದವರನ್ನು 'ರಿಮೇನರ್'. ವೋಟು ಹಾಕಿ ಬಂದ 12 ಸಾವಿರಕ್ಕೂ ಜಾಸ್ತಿ ಜನರನ್ನು ಮಾತಾಡಿಸಿದ ಆಶ್‌ಕ್ರಾಫ್ಟ್ ಸಮೀಕ್ಷೆ, ಯಾಕೆ ಹೀಗೆ ಹಾಕಿದಿರಿ ಅಂತ ಕೇಳಿತ್ತು. ಲೀವರ್‌ಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ಹೇಳಿದ್ದು, ನಮ್ಮ ನಿರ್ಧಾರ ನಮ್ಮಲ್ಲೇ ಆಗಬೇಕು ಅಂತ. ಮೂರನೇ ಒಂದು ಭಾಗದಷ್ಟು ಮಂದಿ ಹೇಳಿದ್ದು, ವಲಸೆ ನಮ್ಮ ಕೈಯಲ್ಲಿರಬೇಕು ಅಂತ. ಮೀನುಗಾರರಿಗೆ ತಮ್ಮ ಸಮುದ್ರ ಬೇಕಿತ್ತು. ಇನ್ನು ಕೆಲವರಿಗೆ ಲಂಡನ್ನಿನ ದೊಡ್ಡವರಿಗೆ ಒಂದು ಪಾಠ ಕಲಿಸಬೇಕಿತ್ತು.

ಪ್ರಚಾರವೂ ಈ ಎಲ್ಲ ಆಸೆಗಳಿಗೆ ಜಾಗ ಬಿಟ್ಟಿತ್ತು. ಒಂದು ಕೆಂಪು ಬಸ್ಸಿನ ಮೇಲೆ, ವಾರಕ್ಕೆ 35 ಕೋಟಿ ಪೌಂಡ್ ಯುರೋಪಿಗೆ ಕೊಡುತ್ತಿದ್ದೇವೆ, ಅದನ್ನು ಸರ್ಕಾರಿ ಆಸ್ಪತ್ರೆಗಳಿಗೆ ಹಾಕೋಣ ಎಂಬರ್ಥದ ಬರಹವಿತ್ತು. ಬ್ರಿಟನ್‌ಗೆ ಸಿಗುತ್ತಿದ್ದ ರಿಯಾಯಿತಿಯನ್ನು ಅದರಲ್ಲಿ ಕಳೆದೇ ಇರಲಿಲ್ಲ. ಅಲ್ಲಿನ ಅಂಕಿಅಂಶ ಪ್ರಾಧಿಕಾರವೇ ಅದು ದಾರಿ ತಪ್ಪಿಸುವ ಲೆಕ್ಕ ಅಂತ ಹೇಳಿತು. ಬಸ್ ಓಡಾಡುತ್ತಲೇ ಇತ್ತು.

ನಮಗೆ ಹತ್ತಿರದ ಇನ್ನೊಂದು ಕಥೆ ಕರಿ ಹೌಸ್‌ಗಳದ್ದು, ಅಂದರೆ ನಮ್ಮ ಕಡೆಯ ಅಡುಗೆಯ ಹೋಟೆಲುಗಳದ್ದು. ಬ್ರಿಟನ್‌ನಲ್ಲಿ 'ಇಂಡಿಯನ್' ಅಂತ ಬೋರ್ಡ್ ಹಾಕಿಕೊಂಡ ಬಹಳಷ್ಟು ಹೋಟೆಲುಗಳನ್ನು ನಡೆಸುವವರು ಬಾಂಗ್ಲಾದೇಶದ ಮೂಲದವರು. ಅಡುಗೆಯವರಿಗೆ ವೀಸಾ ಸಿಗದೆ ಒದ್ದಾಡುತ್ತಿದ್ದರು. ಆಗ ಸಚಿವೆಯಾಗಿದ್ದ, ಗುಜರಾತಿ ಮೂಲದ ಪ್ರೀತಿ ಪಟೇಲ್ 'ನಮ್ಮ ಕರಿ ಹೌಸ್ ಉಳಿಸಿ' ಎಂಬ ಪ್ರಚಾರ ಶುರು ಮಾಡಿದರು. ಯುರೋಪಿನ ಬಾಗಿಲು ಮುಚ್ಚಿದರೆ ನಿಮಗೆ ತೆರೆಯುತ್ತದೆ ಎನ್ನುವುದೇ ಅದರ ತಿರುಳು. ನನ್ನ ಅಣ್ಣನ ಲೆಕ್ಕವೂ ಅದೇ, ನೋಡಿ. ಒಕ್ಕೂಟ ಬಿಟ್ಟ ಮೇಲೂ ಹೋಟೆಲಿನವರು ಬಯಸಿದಂಥ ವೀಸಾ ಬರಲಿಲ್ಲ. ನಮಗೆ ಮೋಸವಾಯಿತು ಅಂತ ಆ ಉದ್ಯಮದವರು ಬಹಿರಂಗವಾಗಿಯೇ ಹೇಳಿಕೊಂಡರು.

ಎಷ್ಟು ಅಂತರದಲ್ಲಿ ಗೆದ್ದರು?

ಬಿಡೋಣ ಶೇ 51.9. ಇರೋಣ ಶೇ 48.1. ವೋಟಿನಲ್ಲಿ ಹೇಳುವುದಾದರೆ 1.74 ಕೋಟಿ ಮತ್ತು 1.61 ಕೋಟಿ. ಅಂತರ ಸುಮಾರು 12.7 ಲಕ್ಷ. ವೋಟು ಹಾಕಿದವರು ಶೇ 72. ಹಾಕದೇ ಉಳಿದವರೇ ಸುಮಾರು 1.3 ಕೋಟಿ. ಈ ಕೊನೆಯ ಸಂಖ್ಯೆಯನ್ನು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಿ.

ದೇಶವೂ ನಾಲ್ಕು ದಿಕ್ಕಿಗೆ ಎಳೆದಾಡಿತು. ಇಂಗ್ಲೆಂಡ್, ವೇಲ್ಸ್ ಬಿಡೋಣ ಅಂದವು. ಸ್ಕಾಟ್ಲೆಂಡ್ ಶೇ 62ರಷ್ಟು, ಉತ್ತರ ಐರ್ಲೆಂಡ್ ಸುಮಾರು ಶೇ 56ರಷ್ಟು ಇರೋಣ ಅಂದವು. ಆದರೂ ಲೆಕ್ಕ ಒಟ್ಟಿನದು, ಎಲ್ಲರೂ ಹೊರಟರು. ಲಂಡನ್ ಇರೋಣ ಅಂದರೆ, ಅದಕ್ಕೆ ಅಂಟಿಕೊಂಡಂತಿರುವ, ಭಾರತ ಮತ್ತು ಪಾಕಿಸ್ತಾನ ಮೂಲದವರು ತುಂಬಿರುವ ಸ್ಲೌನಲ್ಲಿ ಶೇ 54 ಮಂದಿ ಬಿಡೋಣ ಅಂದರು. ದಕ್ಷಿಣ ಏಷ್ಯಾದವರೆಲ್ಲ ಹಾಗೆ ಹಾಕಿದರು ಅಂತಲ್ಲ. ಆಶ್‌ಕ್ರಾಫ್ಟ್ ಸಮೀಕ್ಷೆಯ ಪ್ರಕಾರ ಏಷ್ಯನ್ ಮತದಾರರಲ್ಲಿ ಮೂರರಲ್ಲಿ ಇಬ್ಬರು ರಿಮೇನ್. ನಮ್ಮಣ್ಣ ಆ ಮೂರನೆಯವನು.

ವಯಸ್ಸಿನ ಗೆರೆ ಇನ್ನೂ ಸ್ಪಷ್ಟವಾಗಿತ್ತು. 18ರಿಂದ 24ರ ಒಳಗಿನವರಲ್ಲಿ ನಾಲ್ಕರಲ್ಲಿ ಸುಮಾರು ಮೂವರು ಇರೋಣ ಅಂದಿದ್ದರು. 65 ದಾಟಿದವರಲ್ಲಿ ಐವರಲ್ಲಿ ಮೂವರು ಬಿಡೋಣ ಅಂದಿದ್ದರು.

ವೋಟು ಜಾತಿಯಾದ ಕಥೆ

ಸಾಮಾನ್ಯವಾಗಿ ಚುನಾವಣೆ ಮುಗಿದ ಮೇಲೆ ಜನ ಮರೆತು ಕೆಲಸಕ್ಕೆ ಹೋಗುತ್ತಾರೆ. ಇಲ್ಲಿ ಉಲ್ಟಾ ಆಯಿತು. ವೋಟಿಗೆ ಮುಂಚೆ ಬಹಳ ಜನಕ್ಕೆ ಯುರೋಪ್ ಅಷ್ಟೇನೂ ತಲೆ ಕೆಡಿಸಿಕೊಳ್ಳುವ ವಿಷಯವಾಗಿರಲಿಲ್ಲ. ವೋಟಾದ ಮೇಲೆ ಅದು ಅವರು ಯಾರು ಅನ್ನುವುದರ ಗುರುತಾಯಿತು. ಬ್ರಿಟಿಷ್ ಸೋಷಿಯಲ್ ಆಟಿಟ್ಯೂಡ್ಸ್ ಎಂಬ ಹಳೆಯ, ನಂಬಿಕೆಯ ಸಮೀಕ್ಷೆ 2018ರಲ್ಲಿ ಕಂಡದ್ದು ಇದು: ಯಾವುದೋ ಪಕ್ಷದ ಗಟ್ಟಿ ಅಭಿಮಾನಿ ಅಂತ ಹೇಳಿಕೊಳ್ಳುವವರು ಹತ್ತರಲ್ಲಿ ಒಬ್ಬರೂ ಇಲ್ಲ, ಗಟ್ಟಿ ಲೀವರ್ ಅಥವಾ ಗಟ್ಟಿ ರಿಮೇನರ್ ಅಂತ ಹೇಳಿಕೊಳ್ಳುವವರು ಹತ್ತರಲ್ಲಿ ನಾಲ್ವರು. ಮಗ ಅಥವಾ ಮಗಳು ಆ ಕಡೆಯವರನ್ನು ಮದುವೆಯಾದರೆ ಬೇಸರವಾಗುತ್ತಾ ಅಂತಲೂ ಸಮೀಕ್ಷೆ ಮಾಡಿದ್ದಾರೆ! ಬೇಸರ ಅಂದವರಲ್ಲಿ ರಿಮೇನರ್‌ಗಳೇ ಜಾಸ್ತಿ. ನಮಗೆ ಈ ಪ್ರಶ್ನೆ ತೀರಾ ಹೊಸದೇನಲ್ಲ, ಅಲ್ವಾ?

ಗುರುತಾದ ಮೇಲೆ ಕಣ್ಣೂ ಬದಲಾಗುತ್ತದೆ. ಒಂದೇ ಆರ್ಥಿಕತೆಯನ್ನು ನೋಡಿ ಲೀವರ್ ಪರವಾಗಿಲ್ಲ ಅನ್ನುತ್ತಾನೆ, ರಿಮೇನರ್ ಮುಳುಗಿತು ಅನ್ನುತ್ತಾನೆ. ಮನಶ್ಶಾಸ್ತ್ರದಲ್ಲಿ ಇದಕ್ಕೆ ದೊಡ್ಡ ಹೆಸರುಗಳಿವೆ. ನಮ್ಮಲ್ಲಿ ಒಂದು ಗಾದೆ ಸಾಕು: ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಮಾಡಿದ ನಿರ್ಧಾರ ತಪ್ಪು ಅಂತ ಒಪ್ಪಿಕೊಂಡರೆ ಸೋಲುವುದು ನಿರ್ಧಾರ ಮಾತ್ರ ಅಲ್ಲ, ಮಾಡಿದವನೂ ಸೋಲುತ್ತಾನೆ. ಅದಕ್ಕೇ ಮನಸ್ಸು ನಾಲ್ಕನೇ ಕಾಲನ್ನು ನೋಡುವುದೇ ಇಲ್ಲ.

ಇದರ ಮೇಲೆ ಮೂರೂವರೆ ವರ್ಷದ ಜಗ್ಗಾಟ ಬೇರೆ. ಲಾರಿ ತುಂಬಿದೆ, ಎಲ್ಲಿಗೆ ಅಂತ ಗೊತ್ತಿಲ್ಲ. ಪ್ರಧಾನಿ ತೆರೇಸಾ ಮೇ ಮಾಡಿಕೊಂಡು ಬಂದ ಒಪ್ಪಂದವನ್ನು ಸಂಸತ್ತು 2019ರ ಜನವರಿಯಲ್ಲಿ 432-202 ವೋಟುಗಳಿಂದ ತಳ್ಳಿಹಾಕಿತು. ಮತ್ತೆರಡು ಸಲ ತಂದರು, ಮತ್ತೆರಡು ಸಲ ಸೋತರು. ಬ್ರೆಕ್ಸಿಟ್ ರದ್ದು ಮಾಡಿ ಅಂತ 60 ಲಕ್ಷಕ್ಕೂ ಜಾಸ್ತಿ ಜನ ಅರ್ಜಿಗೆ ಸಹಿ ಹಾಕಿದರು. ಆಮೇಲೆ ಬೋರಿಸ್ ಜಾನ್ಸನ್ ಬಂದರು, 'ಬ್ರೆಕ್ಸಿಟ್ ಮುಗಿಸೋಣ' ಅನ್ನುತ್ತಾ ಡಿಸೆಂಬರ್ ಚುನಾವಣೆ ಗೆದ್ದರು. 2020ರ ಜನವರಿ 31ರ ರಾತ್ರಿ 11ಕ್ಕೆ ಬ್ರಿಟನ್ ಹೊರಬಂತು. ಆ ಡಿಸೆಂಬರ್ ವೋಟಿನ ಹಿಂದೆ ಉತ್ಸಾಹ ಎಷ್ಟಿತ್ತೋ, ಸಾಕಪ್ಪಾ ಸಾಕು ಅನ್ನುವ ಸುಸ್ತೂ ಅಷ್ಟೇ ಇತ್ತು ಅಂತ ನನಗನ್ನಿಸುತ್ತದೆ.

ಹಾಗಾದರೆ ಪಶ್ಚಾತ್ತಾಪ ಯಾರಿಗೆ?

ಯೂಗವ್ ಎಂಬ ಸಮೀಕ್ಷಾ ಸಂಸ್ಥೆ 2016ರ ಆಗಸ್ಟ್‌ನಿಂದ ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿದೆ: ಹಿಂತಿರುಗಿ ನೋಡಿದರೆ, ಬಿಡೋಣ ಅಂತ ವೋಟು ಹಾಕಿದ್ದು ಸರಿಯೋ ತಪ್ಪೋ? ಮೊದಲ ಸಲ ಶೇ 46 ಮಂದಿ ಸರಿ ಅಂದರು, ಶೇ 42 ತಪ್ಪು ಅಂದರು. ಹೊರಬಂದು ಐದು ವರ್ಷವಾದಾಗ, 2025ರ ಜನವರಿಯಲ್ಲಿ, ಸರಿ ಅಂದವರು ಶೇ 30. ತಪ್ಪು ಅಂದವರು ಶೇ 55. ಬ್ರೆಕ್ಸಿಟ್ ಒಟ್ಟಾರೆ ಯಶಸ್ಸು ಅಂದವರು ಶೇ 11 ಮಾತ್ರ.

ಇದನ್ನು ಓದಿ, ಲೀವರ್‌ಗಳೆಲ್ಲ ತಲೆ ಮೇಲೆ ಕೈ ಹೊತ್ತು ಕೂತಿದ್ದಾರೆ ಅಂದುಕೊಳ್ಳುವುದು ಸುಲಭ. 'ಬ್ರೆಗ್ರೆಟ್' ಎಂಬ ಪದವೇ ಹುಟ್ಟಿಕೊಂಡಿತು, ಬ್ರೆಕ್ಸಿಟ್ ಮತ್ತು ರಿಗ್ರೆಟ್ ಸೇರಿಸಿ. ಆದರೆ ಅದೇ ಸಮೀಕ್ಷೆಯ ಒಳಗೆ ಇಣುಕಿದರೆ, ಬಿಡೋಣ ಅಂದವರಲ್ಲಿ ತಪ್ಪಾಯಿತು ಅನ್ನುವವರು ಶೇ 18. ಐವರಲ್ಲಿ ಒಬ್ಬರೂ ಪೂರ್ತಿ ಇಲ್ಲ. ಮೂರರಲ್ಲಿ ಇಬ್ಬರು ಈಗಲೂ ಸರಿ ಅಂತಲೇ ಹೇಳುತ್ತಾರೆ. ಉಳಿದವರು ಗೊತ್ತಿಲ್ಲ ಅಂತ ಜಾರಿಕೊಳ್ಳುತ್ತಾರೆ, ಮಳೆಯ ಬಗ್ಗೆ ವಿಚಾರಿಸುವ ನಮ್ಮಣ್ಣನ ಹಾಗೆ.

ಮತ್ತೆ ಒಟ್ಟು ಲೆಕ್ಕ ಇಷ್ಟೊಂದು ಹೊರಳಿದ್ದು ಹೇಗೆ? ಮನಸ್ಸು ಬದಲಾಯಿಸಿದವರು ಒಂದು ಕಾರಣ, ಆದರೆ ಅವರೊಬ್ಬರೇ ಅಲ್ಲ.

ಬ್ರಿಟನ್‌ನಲ್ಲಿ ವರ್ಷಕ್ಕೆ 6 ಲಕ್ಷಕ್ಕೂ ಜಾಸ್ತಿ ಜನ ತೀರಿಕೊಳ್ಳುತ್ತಾರೆ, ಹೆಚ್ಚಿನವರು ವಯಸ್ಸಾದವರು. ವಯಸ್ಸಾದವರಲ್ಲಿ ಬಿಡೋಣ ಅಂದವರೇ ಜಾಸ್ತಿ ಇದ್ದರು. ಇನ್ನೊಂದು ಕಡೆ ಪ್ರತಿ ವರ್ಷ ಲಕ್ಷಗಟ್ಟಲೆ ಹುಡುಗರು, ಹುಡುಗಿಯರು 18 ತುಂಬಿ ಮತದಾರರಾಗುತ್ತಾರೆ. 2016ರಲ್ಲಿ ಎಂಟು ವರ್ಷದವಳಾಗಿದ್ದ ಹುಡುಗಿ ಈಗ ಸಮೀಕ್ಷೆಗೆ ಉತ್ತರಿಸುತ್ತಾಳೆ. 2025ರ ಸಮೀಕ್ಷೆಯಲ್ಲಿ 25ರ ಒಳಗಿನವರಲ್ಲಿ ನಾಲ್ಕರಲ್ಲಿ ಮೂವರು ಬಿಟ್ಟಿದ್ದು ತಪ್ಪು ಅಂದರು. ಆದರೆ ಅವರನ್ನು ಪಶ್ಚಾತ್ತಾಪ ಪಟ್ಟವರು ಅನ್ನಲಾಗದು. ಅವರನ್ನು ಯಾರೂ ಕೇಳಿಯೇ ಇರಲಿಲ್ಲ. ಅಪ್ಪ ಮಾರಿದ ತೋಟದ ಬಗ್ಗೆ ಮಗನಿಗಿರುವ ಬೇಸರದ ಥರ ಅದು.

ಆಮೇಲೆ, ಆವತ್ತು ಮನೆಯಲ್ಲೇ ಉಳಿದ ಆ 1.3 ಕೋಟಿ. ಹೇಗೂ 'ಇರೋಣ' ಗೆಲ್ಲುತ್ತದೆ ಅಂತ ಕೂತವರು ಕೆಲವರು, ರಾಜಕೀಯವೇ ಬೇಡ ಅಂದವರು ಕೆಲವರು. ಇಂಥ ಸಮೀಕ್ಷೆಗಳನ್ನು ವರ್ಷಾನುಗಟ್ಟಲೆ ಅಳೆದು ತೂಗಿರುವ ಸ್ಟ್ರಾತ್‌ಕ್ಲೈಡ್ ವಿಶ್ವವಿದ್ಯಾಲಯದ ಪ್ರೊಫೆಸರ್ ಜಾನ್ ಕರ್ಟಿಸ್ ಈ ಗುಂಪಿನ ಕಡೆಗೂ ಕೈ ತೋರಿಸುತ್ತಾರೆ. ಆಗ ವೋಟು ಹಾಕದಿದ್ದವರು ಈಗ ಹೆಚ್ಚಾಗಿ ವಾಪಸ್ ಸೇರುವ ಕಡೆಗೇ ವಾಲುತ್ತಾರೆ.

ಬಿಡೋಣ ಅಂದವರ ಸಿಟ್ಟು

ಈಗ ಆ 'ಸರಿ' ಅನ್ನುವ ಲೀವರ್‌ಗಳ ಹತ್ತಿರ ಬರೋಣ. ಅವರು ಸಂತೋಷವಾಗಿದ್ದಾರಾ? ಬಹುಪಾಲು ಇಲ್ಲ. ಬಿಟ್ಟಿದ್ದು ಸರಿ, ಬಿಟ್ಟ ರೀತಿ ಸರಿಯಿಲ್ಲ ಅನ್ನುವುದು ಅವರ ಮಾತು. ಮದುವೆ ಸರಿ, ಮಾಡಿಸಿದ ಪುರೋಹಿತರು ಸರಿಯಿಲ್ಲ ಅನ್ನುವ ಹಾಗೆ. ಬ್ರೆಕ್ಸಿಟ್‌ಗಾಗಿ ದಶಕಗಳ ಕಾಲ ಹೋರಾಡಿದ ನೈಜಲ್ ಫರಾಜ್ ಅವರೇ 2023ರಲ್ಲಿ ಟಿವಿಯಲ್ಲಿ ಕೂತು ಬ್ರೆಕ್ಸಿಟ್ ಸೋತಿದೆ ಅಂದರು. ಅವರ ಪ್ರಕಾರ ತಪ್ಪು ಬ್ರೆಕ್ಸಿಟ್‌ದಲ್ಲ, ಅದನ್ನು ಹಾಳು ಮಾಡಿದ, ಆಗ ಅಧಿಕಾರದಲ್ಲಿದ್ದ ಕನ್ಸರ್ವೇಟಿವ್ ಪಕ್ಷದ ರಾಜಕಾರಣಿಗಳದ್ದು.

ಸಿಟ್ಟಿಗೆ ಮೊದಲ ಕಾರಣ ವಲಸೆ. ವೋಟಿನ ಹೊತ್ತಿಗೆ ನಿವ್ವಳ ವಲಸೆ, ಅಂದರೆ ಬಂದವರಲ್ಲಿ ಹೋದವರನ್ನು ಕಳೆದ ಸಂಖ್ಯೆ, ವರ್ಷಕ್ಕೆ 3 ಲಕ್ಷ ಚಿಲ್ಲರೆ. ಕಮ್ಮಿ ಆಗಲಿ ಅಂತ ವೋಟು ಹಾಕಿದರು. 2023ರ ಹೊತ್ತಿಗೆ ಅದು 9 ಲಕ್ಷ ದಾಟಿತು. ಯುರೋಪಿನವರು ಕಮ್ಮಿಯಾದರು, ಅವರ ಜಾಗದಲ್ಲಿ ವಿದ್ಯಾರ್ಥಿ ವೀಸಾ, ನರ್ಸ್ ವೀಸಾ, ವೃದ್ಧರನ್ನು ನೋಡಿಕೊಳ್ಳುವ ಕೆಲಸದ ವೀಸಾ ಹಿಡಿದು ಭಾರತ, ನೈಜೀರಿಯಾದಂಥ ದೇಶಗಳಿಂದ ಜನ ಬಂದರು. ಒಂದು ಲೆಕ್ಕದಲ್ಲಿ ನಮ್ಮಣ್ಣನ ಆಸೆ ನೆರವೇರಿತು, ಪಕ್ಕದ ಮನೆಯ ಲೀವರ್‌ನ ಆಸೆ ಮುರಿಯಿತು. ಇಬ್ಬರೂ ಗುರುತು ಹಾಕಿದ್ದು ಅದೇ ಚೌಕಕ್ಕೆ! ಆಮೇಲೆ ನಿಯಮ ಬಿಗಿಯಾಗಿ, 2025ರ ಮಧ್ಯದ ಹೊತ್ತಿಗೆ ವರ್ಷದ ಲೆಕ್ಕ 2 ಲಕ್ಷದ ಆಸುಪಾಸಿಗೆ ಇಳಿಯಿತು. ಅಷ್ಟರಲ್ಲಿ ನಂಬಿಕೆ ಹೋಗಿತ್ತು.

ಮೀನುಗಾರರದ್ದು ಇನ್ನೊಂದು ಕಥೆ. ದೇಶದ ಆದಾಯದಲ್ಲಿ ಮೀನುಗಾರಿಕೆಯ ಪಾಲು ಶೇ 0.1ರಷ್ಟೂ ಇಲ್ಲ. ಆದರೆ ಪ್ರಚಾರದಲ್ಲಿ ಅದಕ್ಕೆ ಸಿಕ್ಕ ಜಾಗ ದೊಡ್ಡದು. ಬ್ರಿಟನ್ ದ್ವೀಪ, ಸಮುದ್ರ ಅದರ ಅಭಿಮಾನ. ಸಿಕ್ಕ ಒಪ್ಪಂದ ಅವರು ಎಣಿಸಿದ್ದಕ್ಕಿಂತ ತುಂಬಾ ಕಮ್ಮಿ ಕೊಟ್ಟಿತು. 2025ರ ಮೇ ತಿಂಗಳಲ್ಲಿ ಯುರೋಪಿನ ದೋಣಿಗಳಿಗೆ ಬ್ರಿಟನ್ ನೀರಿನಲ್ಲಿ 2038ರವರೆಗೂ ಅವಕಾಶ ಮುಂದುವರಿಸಲು ಸರ್ಕಾರ ಒಪ್ಪಿತು. 'ಬಿಡೋಣ' ಅಂತ ವೋಟು ಹಾಕಿದ ಎಷ್ಟೋ ಬಂದರುಗಳಲ್ಲಿ ಇದು ಎರಡನೇ ಸಲ ಕೈಬಿಟ್ಟ ಹಾಗಾಯಿತು.

ಲೀವರ್‌ಗಳು ತೋರಿಸುವ ಲಾಭಗಳೂ ಇವೆ, ಅವನ್ನು ಹೇಳದಿದ್ದರೆ ಲೆಕ್ಕ ಪೂರ್ತಿಯಾಗದು. 2025ರಲ್ಲಿ ಅಮೆರಿಕ ಎಲ್ಲರ ಮೇಲೆ ಸುಂಕ ಹಾಕಿದಾಗ ಬ್ರಿಟನ್‌ಗೆ ಬಿದ್ದದ್ದು ಶೇ 10, ಯುರೋಪಿಗೆ ಅದಕ್ಕಿಂತ ಜಾಸ್ತಿ. 2025ರ ಜುಲೈ 24ರಂದು ಭಾರತದ ಜೊತೆ ಸಹಿಯಾದ ವ್ಯಾಪಾರ ಒಪ್ಪಂದವನ್ನು ಬ್ರಿಟನ್ ಒಕ್ಕೂಟದ ಒಳಗಿದ್ದಿದ್ದರೆ ತಾನೊಂದೇ ಮಾಡಿಕೊಳ್ಳಲು ಆಗುತ್ತಿರಲಿಲ್ಲ. ಇನ್ನೊಂದು ತಟ್ಟೆಯಲ್ಲಿ ಸರ್ಕಾರದ್ದೇ ಬಜೆಟ್ ಹೊಣೆಗಾರಿಕೆ ಕಚೇರಿಯ ಅಂದಾಜಿದೆ: ಒಳಗೇ ಇದ್ದಿದ್ದರೆ ಆಗುತ್ತಿದ್ದದ್ದಕ್ಕಿಂತ ದೇಶದ ಉತ್ಪಾದಕತೆ ದೀರ್ಘಾವಧಿಯಲ್ಲಿ ಸುಮಾರು ಶೇ 4ರಷ್ಟು ಕಮ್ಮಿ. ಈ ನಷ್ಟದ ತೊಂದರೆ ಏನೆಂದರೆ ಅದು ಕಣ್ಣಿಗೆ ಕಾಣುವುದಿಲ್ಲ. ಕೈಯಿಂದ ಹೋದ ಹಣ ಗೊತ್ತಾಗುತ್ತದೆ, ಬರಬೇಕಾಗಿದ್ದು ಬರದಿದ್ದರೆ ಯಾರಿಗೆ ಗೊತ್ತಾಗುತ್ತದೆ? ನಡುವೆ ಕೋವಿಡ್, ಯುಕ್ರೇನ್ ಯುದ್ಧ ಬೇರೆ ಬಂದವು. ತರಕಾರಿ ಬೆಲೆ ಏರಿದ್ದಕ್ಕೆ ಯಾರನ್ನು ಬೈಯಬೇಕು ಅನ್ನುವುದನ್ನು ಅವರವರ ಬಣವೇ ಹೇಳಿಕೊಟ್ಟಿತು.

ಈ ಬೇಸರ ಎಲ್ಲಿಗೆ ಹರಿಯಿತು ಅನ್ನುವುದು ಕುತೂಹಲದ ವಿಷಯ. ಲೀವರ್ ಬೇಸರಪಟ್ಟರೆ ರಿಮೇನ್ ಕಡೆ ಬರುತ್ತಾನೆ ಅಂತ ಅಂದುಕೊಂಡರೆ ತಪ್ಪು. ಬಹಳ ಜನ ಹೋದದ್ದು ಫರಾಜ್ ಅವರದೇ ರಿಫಾರ್ಮ್ ಯುಕೆ ಪಕ್ಷಕ್ಕೆ. 2024ರ ಚುನಾವಣೆಯಲ್ಲಿ ಅದಕ್ಕೆ ಶೇ 14ರಷ್ಟು ವೋಟು ಬಿತ್ತು, ಸೀಟು ಐದೇ. 2025ರ ಸಮೀಕ್ಷೆಗಳಲ್ಲಿ ಅದು ಎಲ್ಲರಿಗಿಂತ ಮುಂದಿತ್ತು.

ಇರೋಣ ಅಂದವರ ಮೌನ

ಸೋತವರಲ್ಲಿ ಮೊದಲ ವರ್ಷಗಳಲ್ಲಿ ಇದ್ದದ್ದು ಸಾವಿನ ಮನೆಯ ದುಃಖ. ಆಮೇಲೆ ಮೆರವಣಿಗೆ, ಅರ್ಜಿ, ಕೋರ್ಟು. ಎದುರಿನವರು ಅವರನ್ನು 'ರಿಮೋನರ್' ಅಂತ ಅಣಕಿಸಿದರು, ಅಂದರೆ ಸದಾ ಗೋಳಾಡುವವರು. ಸಾಧ್ಯವಿದ್ದವರು ಬೇರೆ ದಾರಿ ಹುಡುಕಿಕೊಂಡರು. ಅಜ್ಜಿಯೋ ಅಜ್ಜನೋ ಐರ್ಲೆಂಡಿನಲ್ಲಿ ಹುಟ್ಟಿದ್ದರೆ ಐರಿಷ್ ಪಾಸ್‌ಪೋರ್ಟ್ ಸಿಗುತ್ತದೆ, ಅದರ ಅರ್ಜಿಗಳು ಜಾಸ್ತಿಯಾದವು.

ಈಗ ಅವರ ಕಡೆಯವರೇ ಬಹುಮತ. ಆದರೂ ಬೀದಿಯಲ್ಲಿ ಯಾರೂ ಇಲ್ಲ. ಇದು ಹೊರಗಿನವರಿಗೆ ಒಗಟಿನ ಹಾಗೆ ಕಾಣುತ್ತದೆ. ಶೇ 55 ಮಂದಿ ತಪ್ಪು ಅಂದ ಮೇಲೆ ಮತ್ತೊಂದು ವೋಟು ಯಾಕಿಲ್ಲ?

ಉತ್ತರ ಪ್ರಶ್ನೆಯಲ್ಲೇ ಅಡಗಿದೆ. ಬಿಟ್ಟಿದ್ದು ತಪ್ಪಾ ಅಂತ ಕೇಳುವುದು ಬೇರೆ, ವಾಪಸ್ ಹೋಗೋಣ್ವಾ ಅಂತ ಕೇಳುವುದು ಬೇರೆ. ಹಳೇ ಬಾಡಿಗೆ ಮನೆಯಲ್ಲಿ ಹಳೇ ಬಾಡಿಗೆ ಈಗ ಇರುವುದಿಲ್ಲ. ಬ್ರಿಟನ್ ಒಳಗಿದ್ದಾಗ ಅದಕ್ಕೆ ಪೌಂಡ್ ಇಟ್ಟುಕೊಳ್ಳುವ ವಿನಾಯಿತಿ ಇತ್ತು, ವಂತಿಗೆಯಲ್ಲಿ ರಿಯಾಯಿತಿ ಇತ್ತು. ಹೊಸದಾಗಿ ಅರ್ಜಿ ಹಾಕಿದರೆ ಅವೆಲ್ಲ ಸಿಗುವ ಖಾತ್ರಿ ಇಲ್ಲ. ವಾಪಸ್ ಸೇರುತ್ತೀರಾ ಅಂತ ಸುಮ್ನೆ ಕೇಳಿದರೆ ಅರ್ಧಕ್ಕಿಂತ ಜಾಸ್ತಿ ಮಂದಿ ಹೌದು ಅನ್ನುತ್ತಾರೆ. ಪೌಂಡ್ ಬಿಟ್ಟು ಯೂರೋ ಬಳಸಬೇಕು ಅಂತ ಸೇರಿಸಿ ಕೇಳಿದರೆ ಆ ಬೆಂಬಲ ಅರ್ಧಕ್ಕಿಂತ ಎಷ್ಟೋ ಕೆಳಗೆ ಇಳಿಯುತ್ತದೆ. ಇನ್ನು ಅಲ್ಲಿನವರು ಎಲ್ಲಕ್ಕಿಂತ ಹೆದರುವುದು ಆ ಜಗಳ ಮತ್ತೆ ಶುರುವಾಗುವುದಕ್ಕೆ.

2024ರಲ್ಲಿ ಗೆದ್ದು ಪ್ರಧಾನಿಯಾದ ಕೀರ್ ಸ್ಟಾರ್ಮರ್ ಗೆಲ್ಲುವ ಮೊದಲೇ ಹೇಳಿಬಿಟ್ಟಿದ್ದರು: ಏಕ ಮಾರುಕಟ್ಟೆಗೆ ವಾಪಸ್ ಇಲ್ಲ, ಸುಂಕದ ಒಕ್ಕೂಟಕ್ಕೂ (ಒಳಗೆ ಸುಂಕವಿಲ್ಲ, ಹೊರಗಿನವರಿಗೆ ಎಲ್ಲರದ್ದೂ ಒಂದೇ ಸುಂಕ) ಇಲ್ಲ, ಮುಕ್ತ ಓಡಾಟವೂ ಇಲ್ಲ. ಅದರ ಬದಲು ಸಣ್ಣ ಸಣ್ಣ ರಿಪೇರಿ. ಆಹಾರ ಸಾಗಣೆಯ ಕಾಗದ ಕಮ್ಮಿ ಮಾಡುವ ಮಾತುಕತೆಗೆ 2025ರಲ್ಲಿ ಒಪ್ಪಿಗೆಯಾಯಿತು. ಯುರೋಪಿನ ಎರಾಸ್ಮಸ್ ವಿದ್ಯಾರ್ಥಿ ವಿನಿಮಯ ಯೋಜನೆಗೆ 2027ರಲ್ಲಿ ಮರಳುವುದಾಗಿ ಅದೇ ಡಿಸೆಂಬರ್‌ನಲ್ಲಿ ಘೋಷಣೆಯಾಯಿತು. ಚೋರ್ಲಾ ಘಾಟ್‌ನ ಗೇಟು ತೆಗೆಯುವುದಲ್ಲ, ಅದರ ಹತ್ತಿರ ಇನ್ನೊಬ್ಬ ಗುಮಾಸ್ತನನ್ನು ಕೂರಿಸುವುದು.

ನಮ್ಮಣ್ಣ ಈಗ ಬ್ರಿಟಿಷ್ ಪ್ರಜೆ. 2025ರ ನವೆಂಬರ್‌ನಲ್ಲಿ ಮಕ್ಕಳನ್ನು ಕರೆದುಕೊಂಡು ಸ್ಪೇನಿಗೆ ಹೋಗಿದ್ದ. ಯುರೋಪಿನವರ ಸಾಲು ಸರಸರ ಸಾಗುತ್ತಿತ್ತಂತೆ. ಇವನು 'ಇತರೆ ಪಾಸ್‌ಪೋರ್ಟ್' ಅಂತ ಬೋರ್ಡಿದ್ದ ಕಡೆ ಮುಕ್ಕಾಲು ಗಂಟೆ ನಿಂತ. 2025ರ ಅಕ್ಟೋಬರ್‌ನಿಂದ ಯುರೋಪಿನಲ್ಲಿ ಹೊರಗಿನವರ ಬೆರಳಚ್ಚು, ಫೋಟೋ ತೆಗೆಯುವ ಹೊಸ ವ್ಯವಸ್ಥೆ ಶುರುವಾಗಿದೆ. ಮಷಿನ್ನು ಅವನ ಬೆರಳು ಹಿಡಿಯಲಿಲ್ಲ, ಎರಡು ಸಲ ಒರೆಸಿ ಒರೆಸಿ ಇಟ್ಟ. ಅಲ್ಲಿಂದಲೇ ಒಂದು ಫೋಟೋ ಕಳಿಸಿದ, ಉದ್ದನೆ ಸಾಲಿನದ್ದು. ಕೆಳಗೆ ಬರೆದಿದ್ದ: "ಇಂಡಿಯನ್ ಪಾಸ್‌ಪೋರ್ಟ್ ಇದ್ದಾಗ ನಿಂತಿದ್ದೂ ಇದೇ ಕ್ಯೂನಲ್ಲೇ."